ಬಾಯಿಲ್ಲದವನ ಹರಾಜು

ಮಾರ್ಚ್ 3, ಮಂಗಳವಾರ

“ಕೂಗೋಕೆ ಆಗ್ದಿದ್ರೆ ಬರೀರಿ, ನನ್ನ ತಲೆ ತಿನ್ಬೇಡಿ” ಎಂದಳು ನನ್ನವಳು. ಅವಳ ಮಾತಿಗೆ ಬೆಲೆ ಕೊಟ್ಟು ಬರೆಯುತ್ತಿಲ್ಲ. ಬರೆಯದಿದ್ದರೆ ತಲೆ ಸಿಡಿದುಹೋಗುತ್ತದೆ, ಅದಕ್ಕೆ.

ಮೂವತ್ತೊಂದು ವರ್ಷ ಸಗಟು ಮಾರುಕಟ್ಟೆಯ ಕಟ್ಟೆಯ ಮೇಲೆ ನಿಂತು ಟೊಮೆಟೊ, ಈರುಳ್ಳಿ, ಆಲೂಗಡ್ಡೆ ಹರಾಜು ಕೂಗಿದ ಗಂಟಲು ಇದು. ಮೂರು ಸಾಲು ಲಾರಿಗಳ ಆಚೆ ನಿಂತವನಿಗೂ ನನ್ನ ‘ಎರಡನೇ ಸಲ’ ಕೇಳುತ್ತಿತ್ತು. ಅದರೊಳಗೆ ಗಂಟು ಬೆಳೆದಿತ್ತಂತೆ. ಶುಕ್ರವಾರ ಕೊಯ್ದು ತೆಗೆದರು. ಡಾಕ್ಟರಮ್ಮ ಬೆರಳು ಅಲ್ಲಾಡಿಸಿ ಹೇಳಿದಳು: “ಇಪ್ಪತ್ನಾಲ್ಕನೇ ತಾರೀಖಿನವರೆಗೆ ಒಂದು ಮಾತೂ ಆಡೋ ಹಾಗಿಲ್ಲ. ಪಿಸುಗುಟ್ಟೋದೂ ಬೇಡ. ಮಾತು ಮೀರಿದ್ರೆ ಆಮೇಲೆ ನನ್ನ ಹತ್ರ ಬರ್ಬೇಡಿ.”

ಇಪ್ಪತ್ತೈದಕ್ಕೆ ಹೊಸ ಹಂಗಾಮು ಶುರು. ನಮ್ಮ ಮಾರುಕಟ್ಟೆಯ ಕಟ್ಟಳೆ ಹಳೆಯದು: ಹಂಗಾಮಿನ ಮೊದಲ ರಾಶಿಯನ್ನು ಯಾರು ಕೂಗುತ್ತಾನೋ ವರ್ಷಪೂರ್ತಿ ಕಟ್ಟೆ ಅವನದು. ಯಾಕೆ ಬರಲಿಲ್ಲ, ಏನಾಯಿತು ಎಂದು ಯಾರೂ ಕೇಳುವುದಿಲ್ಲ. ನನಗಿಂತ ಮುಂಚಿನವನು ಸೈಕಲ್ ಚೈನು ಕಳಚಿ ಹತ್ತು ನಿಮಿಷ ತಡ ಮಾಡಿದ. ನಾನು ಹತ್ತಿ ಕೂಗಿದೆ. ಅವನು ಸಾಯುವವರೆಗೂ ನನ್ನ ಹತ್ತಿರ ಮಾತಾಡಲಿಲ್ಲ.

ಮಂಡಿ ಯಜಮಾನರು ಹಣ್ಣು ಹಿಡಿದುಕೊಂಡು ನೋಡಲು ಬಂದಿದ್ದರು. “ಇಪ್ಪತ್ತೈದಕ್ಕೆ ಬೆಳಿಗ್ಗೆ ಏಳಕ್ಕೆ ನೀವು ಕಟ್ಟೆ ಮೇಲಿರ್ಬೇಕು. ಇಲ್ದಿದ್ರೆ ಶೀಟಿ ಕೂಗ್ತಾನೆ. ನನ್ನ ಕೈಯಲ್ಲಿ ಏನಿಲ್ಲ” ಎಂದರು. ಶೀಟಿ ನಮ್ಮ ಮಾರುಕಟ್ಟೆಯಲ್ಲಿ ಮಾಲು ತೂಗುವವನು. ನಲವತ್ತು ದಾಟಿದರೂ ಅವನ ದನಿ ಕುಕ್ಕರಿನಂತೆ ಕೂಗುತ್ತದೆ, ಅದಕ್ಕೇ ಆ ಹೆಸರು. ಈಗ ತಾತ್ಕಾಲಿಕವಾಗಿ ಅವನೇ ಕಟ್ಟೆ ಹತ್ತುತ್ತಿದ್ದಾನೆ. ಹಾಳೂರಿಗೆ ಉಳಿದವನೇ ಗೌಡ.

ಇನ್ನೊಂದು ವಿಷಯ ಬರೆದೇಬಿಡುತ್ತೇನೆ. ನನ್ನ ಗಂಟಲು ಒಡೆದದ್ದು ಕಟ್ಟೆಯ ಮೇಲಲ್ಲ, ಮನೆಯಲ್ಲಿ. ಜನವರಿಯಲ್ಲಿ ಮಗಳು ಒಂದು ಸೂಟ್‌ಕೇಸು, ಒಂದು ಲ್ಯಾಪ್‌ಟಾಪು ಹಿಡಿದುಕೊಂಡು ಗಂಡನ ಮನೆಯಿಂದ ಬಂದಳು. ಯಾಕೆ ಎಂದರೆ ಉತ್ತರವಿಲ್ಲ. ಎಕ್ಸ್‌ರೇ ತೆಗೆಯುವ ಕೆಲಸಕ್ಕೆ ಹೋಗುತ್ತಾಳೆ, ನಾಲ್ಕು ಗಂಟೆಗೆ ಬರುತ್ತಾಳೆ, ಕೋಣೆ ಸೇರುತ್ತಾಳೆ. ವಾಪಸ್ ಹೋಗು ಎಂದು ದಿನಾ ಕೂಗಿದೆ. ಒಂದು ದಿನ ಕೂಗುತ್ತ ಕೂಗುತ್ತ ದನಿಯೇ ಬರಲಿಲ್ಲ, ಗಾಳಿ ಬಂತು. ಬಡವನ ಕೋಪ ದವಡೆಗೆ ಮೂಲ ಎಂದು ನನ್ನವಳು ಆವತ್ತೇ ಅಂದಳು. ಅನ್ನಲು ಬೇರೆ ದಿನ ಸಿಗಲಿಲ್ಲವೇ?

ಮಾರ್ಚ್ 5, ಗುರುವಾರ

ಇವತ್ತು ಮೂವರು ಬಂದು ಮಾತು ಬೆಳ್ಳಿ ಮೌನ ಬಂಗಾರ ಎಂದು ಹೇಳಿ ಹೋದರು. ಮೂವರೂ ಒಂದೊಂದು ಗಂಟೆ ಮಾತಾಡಿದರು.

ಕರೆಯಲು ನನಗೊಂದು ಸ್ಟೀಲ್ ಲೋಟ, ಒಂದು ಚಮಚ ಕೊಟ್ಟಿದ್ದಾರೆ. ಬಡಿದು ಬಡಿದು ಲೋಟದ ಅಂಚು ಸೊಟ್ಟಗಾಯಿತು. ಚೀಟಿಯಲ್ಲಿ ಬರೆದು ತೋರಿಸುವುದಂತೆ! ‘ನೀರು ಕೊಡು’ ಎಂದು ಬರೆದು, ಕೆಳಗೆ ಮೂರು ಗೆರೆ ಎಳೆದು, ಎತ್ತಿ ಹಿಡಿದು ನಿಂತೆ. ಇವಳು ಕನ್ನಡಕ ಹುಡುಕಲು ಹೋದಳು. ಅಷ್ಟರಲ್ಲಿ ನಾನೇ ಹೋಗಿ ಕುಡಿದೆ.

ಮಾರ್ಚ್ 6, ಶುಕ್ರವಾರ

ಬೆಳಿಗ್ಗೆ ಲೋಟ ಬಡಿಯುತ್ತಿದ್ದಾಗ ಮಗಳು ಕೋಣೆಯಿಂದ ಬಂದು ಲ್ಯಾಪ್‌ಟಾಪನ್ನು ನನ್ನ ಮುಂದೆ ಇಟ್ಟಳು. ಎರಡು ತಿಂಗಳಲ್ಲಿ ಅವಳಾಗಿ ನನ್ನ ಹತ್ತಿರ ಬಂದದ್ದು ಇದೇ ಮೊದಲು.

“ಅಪ್ಪ, ನಾನು ಡ್ಯೂಟಿಗೆ ಹೋದಾಗ ನನ್ನ ಅಂಗಡಿ ನೋಡ್ಕೊಳ್ತೀರಾ? ನಿಮಗೆ ಗೊತ್ತಿರೋ ಕೆಲಸಾನೇ. ಹರಾಜು.”

ಅದೊಂದು ಆಟ. ಎಲ್ಲೆಲ್ಲಿಯವರೋ ಸೇರಿ ಕತ್ತಿ ಹಿಡಿದು ಕಾಡು ಸುತ್ತುತ್ತಾರೆ, ರಾಕ್ಷಸರ ಜೊತೆ ಬಡಿದಾಡುತ್ತಾರೆ. ಗಾಯವಾದರೆ ಗಾಯದ ಎಣ್ಣೆ ಬೇಕು. ನನ್ನ ಮಗಳು ಬಡಿದಾಡುವುದಿಲ್ಲ. ಸೊಪ್ಪು ಕಿತ್ತು, ಎಣ್ಣೆ ಕಾಯಿಸಿ, ಬಾಟಲಿಗೆ ತುಂಬಿ ಆಟದೊಳಗಿನ ಹರಾಜು ಮಾರುಕಟ್ಟೆಯಲ್ಲಿ ಮಾರುತ್ತಾಳೆ. ಮಾಲಿಗೆ ಎರಡು ಬೆಲೆ ಬರೆಯಬೇಕು: ಹರಾಜು ಶುರುವಾಗುವ ಬೆಲೆ ಒಂದು, ಕಾಯದೆ ನೇರವಾಗಿ ಕೊಳ್ಳುವ ಬೆಲೆ ಇನ್ನೊಂದು. ಹೊತ್ತು ಮುಗಿದಾಗ ಹೆಚ್ಚು ಹೇಳಿದವನಿಗೆ ಮಾಲು.

ಕೂಗುವವನಿಲ್ಲ. ಜನರ ಮುಖವಿಲ್ಲ. ಇದೂ ಒಂದು ಹರಾಜೇ? ಮೂವತ್ತೊಂದು ವರ್ಷದವನಿಗೆ ಮಕ್ಕಳಾಟ ಕೊಟ್ಟು ಕೂರಿಸಿದ್ದಾಳೆ. ಸಂಜೆಯವರೆಗೆ ನೋಡಿದೆ, ಬೈಯುವುದಕ್ಕಾದರೂ ಗೊತ್ತಿರಬೇಕಲ್ಲ.

ಮಾರ್ಚ್ 8, ಭಾನುವಾರ

ಒಬ್ಬ ಇದ್ದಾನೆ. ಹೆಸರು ಓದಲು ಬರುವಂಥದ್ದಲ್ಲ, ಬರೀ ಅಂಕಿ, ಚುಕ್ಕಿ. ನಾನು ಒಂಟಿಕಾಸು ಎಂದು ಕರೆಯುತ್ತೇನೆ. ನಾನು ಬಾಟಲಿಗೆ ಐವತ್ತು ನಾಣ್ಯ ಹಾಕಿದೆ. ಅವನು ನಲವತ್ತೊಂಬತ್ತು ಹಾಕಿದ. ಪಟ್ಟಿಯಲ್ಲಿ ಅಗ್ಗದ ಮಾಲು ಮೇಲೆ ಬರುತ್ತದೆ, ಎಲ್ಲರೂ ಮೇಲಿನದನ್ನೇ ಕೊಳ್ಳುತ್ತಾರೆ. ನಾನು ನಲವತ್ತೆಂಟಕ್ಕೆ ಇಳಿಸಿದೆ, ಅವನು ನಲವತ್ತೇಳು. ನಾನು ನಲವತ್ತು, ಅವನು ಮೂವತ್ತೊಂಬತ್ತು. ಒಂದೇ ಒಂದು ನಾಣ್ಯ! ಇಳಿಸುವುದಾದರೆ ಗಂಡಸಿನ ಹಾಗೆ ಹತ್ತು ಇಳಿಸು. ನಮ್ಮ ಕಟ್ಟೆಯಲ್ಲಿ ಹೀಗೆ ಮಾಡಿದವನ ಮೇಲೆ ಕೊಳೆತ ಟೊಮೆಟೊ ಬೀಳುತ್ತಿತ್ತು.

ಮಧ್ಯಾಹ್ನದ ಹೊತ್ತಿಗೆ ಬೆಲೆ ಇಪ್ಪತ್ತೆರಡು. ಸೊಪ್ಪಿಗೇ ಇಪ್ಪತ್ತು ಬೀಳುತ್ತದೆ. ಬಾಯಿ ತುಂಬ ಬೈಗುಳ, ಹೊರಗೆ ಬಿಡುವ ಹಾಗಿಲ್ಲ. ಲೋಟ ಎಸೆದೆ. ಇವಳು ಎತ್ತಿಕೊಂಡು ಹೋಗಿ ತೊಳೆದಿಟ್ಟಳು.

ಮಾರ್ಚ್ 9, ಸೋಮವಾರ

ಬುದ್ಧಿ ಓಡಿಸಿದೆ. ಒಂಟಿಕಾಸಿನ ಬಾಟಲಿಗಳನ್ನೆಲ್ಲ ನಾನೇ ಕೊಂಡುಬಿಟ್ಟೆ, ಮುನ್ನೂರ ಎಂಬತ್ತು. ಮಾರುಕಟ್ಟೆ ಖಾಲಿ. ಎಲ್ಲವನ್ನೂ ಅರವತ್ತಕ್ಕೆ ಏರಿಸಿ ಹಾಕಿ ಕಾಲು ಚಾಚಿ ಕೂತೆ. ಒಂದು ಗಂಟೆಯೊಳಗೆ ಆ ಪುಣ್ಯಾತ್ಮ ಹೊಸ ಇನ್ನೂರು ಬಾಟಲಿ ತಂದು ಐವತ್ತೊಂಬತ್ತಕ್ಕೆ ಸುರಿದ. ನನ್ನ ದುಡ್ಡಲ್ಲೇ ಸೊಪ್ಪು ಕೊಂಡಿರುತ್ತಾನೆ! ಮಗಳ ಚೀಲದಲ್ಲಿ ಈಗ ನಾಣ್ಯವಿಲ್ಲ, ಬರೀ ಎಣ್ಣೆ.

ನಾಲ್ಕು ಗಂಟೆಗೆ ಅವಳು ಬಂದು ನೋಡಿದಳು. ಬೈಯಲಿ ಎಂದು ಕಾದೆ. ನಗಲು ಶುರುಮಾಡಿದಳು, ಕಣ್ಣಲ್ಲಿ ನೀರು ಬರುವವರೆಗೆ ನಕ್ಕಳು. ಇವಳು ಅಡುಗೆಮನೆಯಿಂದ ಬಂದು ಬಾಗಿಲಲ್ಲಿ ನಿಂತು ನೋಡಿದಳು, ವಾಪಸ್ ಹೋದಳು.

“ಅಪ್ಪ, ನೀವು ದುರುಗುಟ್ಟಿ ನೋಡಿದ್ರೆ ಹೆದರ್ಕೊಳ್ಳೋಕೆ ಅವ್ನು ಎದುರಿಗಿಲ್ಲ. ಅವ್ನ ಮಾಲು ಖಾಲಿಯಾಗ್ಲಿ ಬಿಡಿ. ಇವತ್ತು ಎಲ್ಲ ಅವ್ನ ಹತ್ರಾನೇ ಕೊಳ್ತಾರೆ, ನಾಳೆ ಅವ್ನ ಹತ್ರ ಏನಿರತ್ತೆ? ಕಾಯ್ಬೇಕು.”

ಕಾಯಬೇಕಂತೆ. ಟೊಮೆಟೊ ಕಾಯುತ್ತದೆಯೇ? ಎಣ್ಣೆ ಕೆಡುವುದಿಲ್ಲ ಎಂದು ಆಮೇಲೆ ಹೊಳೆಯಿತು. ಹೊಳೆದದ್ದಕ್ಕೆ ಇನ್ನೂ ಸಿಟ್ಟು ಬಂತು.

ಮಾರ್ಚ್ 12, ಗುರುವಾರ

ಬರೆಯಲು ಕೈ ಬರುತ್ತಿಲ್ಲ.

ಮಗಳ ಚೀಲದಲ್ಲಿ ಒಂದು ನೀಲಿ ಲಾಂದ್ರ ಇತ್ತು. ತುಂಬ ಅಪರೂಪದ್ದು, ಒಳ್ಳೆ ಬೆಲೆ ಬಂದರೆ ಮಾರಬಹುದು ಎಂದಿದ್ದಳು. ನಾನು ಕಳೆದ ನಾಣ್ಯವನ್ನೆಲ್ಲ ಒಂದೇ ಏಟಿಗೆ ತಂದುಕೊಡೋಣ ಎಂದುಕೊಂಡೆ. ಕಟ್ಟೆಯ ಮೊದಲ ಪಾಠ ಏನು? ಮೊದಲ ಕೂಗು ಕೆಳಗಿರಬೇಕು. ಬಿಟ್ಟಿ ಸಿಗುತ್ತದೆ ಎಂದು ನಾಲ್ಕು ಕೈ ಏಳುತ್ತವೆ. ಎದ್ದ ಕೈ ಇಳಿಸಲು ಯಾರಿಗೂ ಮನಸ್ಸು ಬರುವುದಿಲ್ಲ, ಬೆಲೆ ತಾನಾಗಿ ಏರುತ್ತದೆ. ಒಂದು ರೂಪಾಯಿಯಿಂದ ಶುರುಮಾಡಿ ಇಡೀ ಲಾರಿಯನ್ನು ಬಂಗಾರದ ಬೆಲೆಗೆ ಮಾರಿದವನು ನಾನು.

ಶುರುವಿನ ಬೆಲೆ ಒಂದು ನಾಣ್ಯ ಎಂದು ಬರೆದೆ. ನೇರ ಬೆಲೆ ಖಾಲಿ ಬಿಟ್ಟೆ. ಹರಾಜಿನ ಅವಧಿ ಎರಡು ಗಂಟೆ. ಬೆಳಿಗ್ಗೆ ಒಂಬತ್ತಕ್ಕೆ ಹಾಕಿದೆ. ಒಂಬತ್ತು ಗಂಟೆಗೆ ಎಲ್ಲರೂ ಅವರವರ ಕೆಲಸಕ್ಕೆ ಹೋಗಿರುತ್ತಾರೆ, ಆ ಮಾರುಕಟ್ಟೆಯಲ್ಲಿ ನರಪಿಳ್ಳೆ ಇರುವುದಿಲ್ಲ ಎಂದು ನನಗೆ ಯಾರು ಹೇಳಿದ್ದರು? ಕೈಗಳೇ ಇಲ್ಲದ ಕಡೆ ಯಾವ ಕೈ ಏಳುತ್ತದೆ? ಹನ್ನೊಂದಕ್ಕೆ ಒಂದು ನಿಮಿಷ ಇರುವಾಗ ಒಬ್ಬ ಬಂದ. ಒಂದು ನಾಣ್ಯ. ಮುಗಿಯಿತು. ಯಾರು ಎಂದು ಬರೆಯಬೇಕಿಲ್ಲ. ಮಧ್ಯಾಹ್ನ ಒಂಟಿಕಾಸು ಅದನ್ನು ತೊಂಬತ್ತು ಸಾವಿರಕ್ಕೆ ಮಾರಲು ಇಟ್ಟಿದ್ದ.

‘ತಪ್ಪಾಯ್ತು’ ಎಂದು ಚೀಟಿ ಬರೆದೆ. ನಾಲ್ಕು ಸಲ ಹರಿದೆ. ಐದನೆಯದನ್ನು ಲ್ಯಾಪ್‌ಟಾಪಿನ ಮೇಲಿಟ್ಟು ಟೆರೇಸಿಗೆ ಹೋಗಿ ನಿಂತೆ.

ಮಾರ್ಚ್ 13, ಶುಕ್ರವಾರ

ನಿನ್ನೆ ಮಗಳು ಮೇಲೆ ಬಂದಳು. ಚೀಟಿ ಕೈಯಲ್ಲಿತ್ತು. ಒಗೆದ ಬಟ್ಟೆಗಳ ನಡುವೆ ನಿಂತುಕೊಂಡು ಮಾತಾಡಿದಳು. ಪೂರ್ತಿ ಬರೆದಿಡುತ್ತೇನೆ, ಮರೆಯಬಾರದು.

“ಆ ಲಾಂದ್ರ ನಾನೊಬ್ಳೇ ಗೆದ್ದಿದ್ದಲ್ಲ ಅಪ್ಪ. ಅವ್ರು, ನಾನು ಸೇರಿ ಗೆದ್ದಿದ್ದು. ಮದುವೆಗೆ ಮುಂಚೆ. ನಾವು ಆಟದಲ್ಲೇ ಪರಿಚಯ ಆಗಿದ್ದು, ನಿಮಗೆ ಹೇಳಿರ್ಲಿಲ್ಲ. ಒಂದು ವರ್ಷ ಬರೀ ಟೈಪ್ ಮಾಡಿ ಮಾತಾಡಿದ್ವಿ. ತುಂಬಾ ಮೆತ್ತಗಿದ್ರು. ಟೈಪ್ ಮಾಡೋವಾಗ ಎಲ್ಲರೂ ಮೆತ್ತಗೇ ಇರ್ತಾರೆ, ದನಿ ಕೇಳಲ್ವಲ್ಲ. ಹೋಗ್ಲಿ ಬಿಡಿ. ಮಾರೋಕೂ ಆಗ್ತಿರ್ಲಿಲ್ಲ, ಇಟ್ಕೊಳ್ಳೋಕೂ ಆಗ್ತಿರ್ಲಿಲ್ಲ ನನಗೆ.”

ಆಟದಲ್ಲಿ ಪರಿಚಯವೇ? ಕೆಲಸದ ಕಡೆಯ ಸಂಬಂಧ ಎಂದಿದ್ದಳು! ನಾಲ್ಕು ಜನರಿಗೆ ನಾನೇ ಹಾಗೆಂದು ಹೇಳಿಕೊಂಡು ತಿರುಗಿದ್ದೆ. ಬಾಯಿ ತೆರೆದೆ. ಡಾಕ್ಟರಮ್ಮನ ಬೆರಳು ನೆನಪಾಗಿ ಮುಚ್ಚಿದೆ. ನಾನು ಬಾಯಿ ತೆರೆದಾಗ ಅವಳು ಅರ್ಧ ಹೆಜ್ಜೆ ಹಿಂದೆ ಸರಿದಳು. ಮುಚ್ಚಿದ ಮೇಲೆ ಇನ್ನೂ ಸ್ವಲ್ಪ ಮಾತಾಡಿದಳು.

ಮಾರ್ಚ್ 17, ಮಂಗಳವಾರ

ಮೂರು ದಿನ ಬೆಲೆ ಇಳಿಸಲಿಲ್ಲ. ಪೆನ್ನು ಹಿಡಿದು ಬರೀ ಗುರುತು ಹಾಕಿಕೊಂಡೆ. ಶನಿವಾರ ಮಧ್ಯಾಹ್ನ ಅಲ್ಲಿ ದೊಡ್ಡ ಯುದ್ಧವಂತೆ, ಊಟವಾದ ಮೇಲೆ ಎಲ್ಲರಿಗೂ ಎಣ್ಣೆ ಬೇಕು. ಭಾನುವಾರ ಗೆದ್ದ ಸಾಮಾನನ್ನೆಲ್ಲ ತಂದು ಸುರಿಯುತ್ತಾರೆ, ಸೊಪ್ಪು ಮಣ್ಣಿನ ಬೆಲೆಗೆ ಸಿಗುತ್ತದೆ. ಆವತ್ತು ಕೊಳ್ಳಬೇಕು, ಮುಂದಿನ ಶನಿವಾರ ಮಾರಬೇಕು. ನೂರು ಬಾಟಲಿಯ ಕಟ್ಟು ಮಾಡಿದರೆ ಕೊಳ್ಳುವವನು ಚೌಕಾಸಿ ಮಾಡುತ್ತಾನೆ. ಐದರ ಕಟ್ಟು ಮಾಡಿದರೆ ಕಣ್ಣು ಮುಚ್ಚಿ ಒಯ್ಯುತ್ತಾನೆ, ಅವನಿಗೆ ಯುದ್ಧಕ್ಕೆ ಹೊತ್ತಾಗಿರುತ್ತದೆ. ಅರ್ಧ ಕಿಲೋ ಕೊಳ್ಳುವವನು ಎಲ್ಲಿಯೂ ಬೆಲೆ ಕೇಳುವುದಿಲ್ಲ. ಒಂಟಿಕಾಸು ಬೆಳಿಗ್ಗೆ ಬಂದು ಸುರಿಯುತ್ತಾನೆ, ಮಧ್ಯಾಹ್ನಕ್ಕೆ ಖಾಲಿ. ಅವನು ಹೋದ ಮೇಲೆ ನನ್ನದು ಅರವತ್ತೈದು. ಮೊನ್ನೆ ಶನಿವಾರ ಅಷ್ಟೂ ಹೋಯಿತು. ಹಾಳಾಗಿ ಹೋಗು ಎಂದು ಒಂಟಿಕಾಸನ್ನು ಮನಸ್ಸಿನಲ್ಲೇ ಹರಸಿದೆ.

ನಾಲ್ಕಕ್ಕೆ ಮಗಳು ಬರುತ್ತಾಳೆ. ಟೀ ಇಟ್ಟುಕೊಂಡು ಇಬ್ಬರೂ ಕೂರುತ್ತೇವೆ. ಅವಳು ಎಣ್ಣೆ ಕಾಯಿಸುತ್ತ ಮಾತಾಡುತ್ತಾಳೆ. ಆಸ್ಪತ್ರೆಯಲ್ಲಿ ಉಸಿರು ಹಿಡಿಯಿರಿ ಎಂದರೆ ಕಣ್ಣು ಮುಚ್ಚುವ ಅಜ್ಜಿಯ ಕಥೆ. ಗಂಡನ ಮನೆಯಲ್ಲಿ ಟೇಬಲ್ಲಿನ ಮೇಲೆ ಬಟ್ಟಲು ಸದ್ದು ಮಾಡದ ಹಾಗೆ ಇಡುವುದು ಕಲಿತ ಕಥೆ. ಆ ಮಾತು ಬಂದಾಗ ಅವಳ ದನಿ ಏರುವುದಿಲ್ಲ, ಬೆಲೆ ಓದಿದ ಹಾಗೆ ಓದುತ್ತಾಳೆ. ನಡುವೆ ಕೇಳಬೇಕೆನಿಸಿದ ಪ್ರಶ್ನೆಗಳನ್ನು ಚೀಟಿಯಲ್ಲಿ ಬರೆದುಕೊಳ್ಳುತ್ತೇನೆ. ಬರೆದು ಮುಗಿಸುವಷ್ಟರಲ್ಲಿ ಅವಳೇ ಉತ್ತರ ಹೇಳಿರುತ್ತಾಳೆ. ಸಿಟ್ಟು ಬರುತ್ತದೆ, ಬರೆದದ್ದು ದಂಡ.

ಮಾರ್ಚ್ 19, ಗುರುವಾರ

ಮಾರುಕಟ್ಟೆಗೆ ಹೋಗಿದ್ದೆ. ಶೀಟಿ ಖಾಲಿ ಕ್ರೇಟುಗಳ ಮುಂದೆ ನಿಂತು ಕೂಗಿ ಅಭ್ಯಾಸ ಮಾಡುತ್ತಿದ್ದ. ನನ್ನನ್ನು ಕಂಡು ಕಟ್ಟೆಯಿಂದ ಇಳಿದ. “ಅಣ್ಣ, ನೀವು ಬಂದ್ರೆ ನಾನು ಹತ್ತಲ್ಲ. ಬರ್ದಿದ್ರೆ ಮಾತ್ರ” ಎಂದ. ಇಳಿದ ರೀತಿ ಮರ್ಯಾದೆಯದು. ಕಣ್ಣು ಮಾತ್ರ ಕಟ್ಟೆಯ ಮೇಲೇ ಇತ್ತು. ಮೂವತ್ತೊಂದು ವರ್ಷದ ಹಿಂದೆ ನನ್ನ ಕಣ್ಣೂ ಅಲ್ಲೇ ಇತ್ತು, ಅದಕ್ಕೇ ನನಗೆ ಗೊತ್ತಾಗುತ್ತದೆ. ಆರು ದಿನ, ಮಗನೇ. ಆರೇ ದಿನ.

ಮಾರ್ಚ್ 21, ಶನಿವಾರ

ಎಣ್ಣೆ ಎಪ್ಪತ್ತಕ್ಕೆ ಹೋಯಿತು. ಅದನ್ನು ಸಂತೋಷವಾಗಿ ಬರೆಯಲು ಕೂತಿದ್ದೆ. ಫೋನು ಬಂತು.

ಅಳಿಯ. ಇವಳು ಎತ್ತಿದಳು. ಅವನ ದನಿ ಫೋನಿನಿಂದ ಹೊರಗೆ ಬಂದು ಕೋಣೆ ತುಂಬಿತು. “ಕಳಿಸ್ತೀರೋ ಇಲ್ವೋ? ಎಷ್ಟು ದಿನ ಅಂತ ಆಟ ಆಡಿಸ್ತೀರಿ? ನಾಲ್ಕು ಜನ ನನ್ನ ಮುಖಕ್ಕೆ ಉಗೀತಿದಾರೆ!” ಇವಳು ಫೋನನ್ನು ಕಿವಿಯಿಂದ ಒಂದು ಮೊಳ ದೂರ ಹಿಡಿದಳು, ತಲೆ ಒಂದು ಕಡೆ ವಾಲಿಸಿದಳು. ಎಷ್ಟು ಸಲೀಸಾಗಿ ಹಿಡಿದಳು! ನಡುನಡುವೆ “ಹೂಂ, ಹೂಂ” ಎನ್ನುತ್ತ ಇನ್ನೊಂದು ಕೈಯಲ್ಲಿ ಬೀನ್ಸಿನ ನಾರು ತೆಗೆಯುತ್ತಿದ್ದಳು. ಮಗಳು ಪರದೆಯ ಮೇಲೆ ಒಂದೇ ಬಾಟಲಿಯ ಬೆಲೆಯನ್ನು ಮತ್ತೆ ಮತ್ತೆ ಅಳಿಸಿ ಬರೆಯುತ್ತಿದ್ದಳು.

ನನಗೆ ಎದ್ದು ಫೋನು ಕಿತ್ತುಕೊಂಡು ಅವನಿಗಿಂತ ಜೋರಾಗಿ ಕೂಗಬೇಕು ಎನಿಸಿತು. ಯಾವನೋ ಬಂದು ನನ್ನ ಮನೆಯಲ್ಲಿ, ನನ್ನ ಹೆಂಡತಿಯ ಮೇಲೆ ಕೂಗುವುದೇ? ಲೋಟ ತೆಗೆದುಕೊಂಡು ಫೋನಿನ ಪಕ್ಕ ಬಡಿದೆ. ನಿಲ್ಲಿಸದೆ ಬಡಿದೆ. ಅವನು “ಏನದು ಸದ್ದು?” ಎಂದ. ಇವಳು “ನಮ್ಮೆಜಮಾನ್ರು” ಎಂದು ಫೋನು ಇಟ್ಟಳು. ಮಗಳು ನನ್ನನ್ನು ನೋಡಿದಳು. ಅವಳು ನಗುತ್ತಾಳೆ ಎಂದುಕೊಂಡೆ. ನಗಲಿಲ್ಲ, ಒಂದು ಐದರ ಕಟ್ಟು ತೆರೆದು ಪರದೆಯನ್ನು ನನ್ನ ಕಡೆ ತಿರುಗಿಸಿ, “ಇದಕ್ಕೆ ಎಷ್ಟು ಹಾಕ್ಲಿ ಅಪ್ಪ?” ಎಂದಳು. ಬಾಟಲಿಗೆ ಎಪ್ಪತ್ತೈದು ಎಂದು ಬೆರಳಲ್ಲಿ ತೋರಿಸಿದೆ.

ಮಾರ್ಚ್ 24, ಮಂಗಳವಾರ

ಒಬ್ಬನೇ ಆಸ್ಪತ್ರೆಗೆ ಹೋದೆ. ಡಾಕ್ಟರಮ್ಮ ಗಂಟಲಲ್ಲಿ ದೀಪ ಬಿಟ್ಟು ನೋಡಿ, “ಹೆಸರು ಹೇಳಿ” ಎಂದಳು. ಹೇಳಿದೆ. ದನಿ ಬಂತು! ಸ್ವಲ್ಪ ಒಡಕಾಗಿದೆ, ಆದರೆ ನನ್ನದೇ. “ಚೆನ್ನಾಗಿ ಮಾಗಿದೆ. ಮೈಕ್ ಹಿಡ್ಕೊಂಡು ದಿನಕ್ಕೆ ಅರ್ಧ ಗಂಟೆ ಕೂಗ್ಬಹುದು, ಆಮೇಲೆ ನಿಧಾನಕ್ಕೆ ಜಾಸ್ತಿ ಮಾಡಿ.” ಬಸ್ಸಿನಲ್ಲಿ ಕಂಡಕ್ಟರಿಗೆ ಊರೆಲ್ಲ ಕೇಳುವ ಹಾಗೆ ನಮ್ಮ ಸ್ಟಾಪು ಹೇಳಿದೆ. ಯಜಮಾನರಿಗೆ ಫೋನು ಮಾಡಿ “ನಾಳೆ ಏಳಕ್ಕೆ” ಎಂದೆ. ಆ ಶೀಟಿಯ ಮುಖ ನೋಡಬೇಕು!

ಮನೆಯಲ್ಲಿ ಬೆಚ್ಚಿಬೀಳಿಸೋಣ ಎಂದು ಬಾಯಿ ಮುಚ್ಚಿಕೊಂಡು ಒಳಗೆ ಬಂದೆ. ಇವಳು ಮನೆಯಲ್ಲಿರಲಿಲ್ಲ. ಮಗಳು ಬೇಗ ಬಂದು ಕೂತಿದ್ದಳು. ಪಕ್ಕದ ಕುರ್ಚಿ ನನಗೆಂದು ಎಳೆದಿಟ್ಟಿದ್ದಳು. ನಾನು ಕೂರುವ ಮೊದಲೇ ಮಾತು ಶುರುಮಾಡಿದಳು, ತಡೆದಿಟ್ಟುಕೊಂಡಿದ್ದಳು ಎಂದು ಕಾಣುತ್ತದೆ.

“ಯಾಕೆ ಬಂದೆ ಅಂತ ಕೇಳ್ತಿದ್ರಲ್ಲ ಅಪ್ಪ. ಅವ್ರು ಹೊಡೆದಿಲ್ಲ, ಕುಡಿಯಲ್ಲ. ಕೂಗ್ತಾರೆ. ಉಪ್ಪು ಕಡಿಮೆ ಆದ್ರೂ ಅಷ್ಟೇ ಜೋರು, ದುಡ್ಡು ಕಳೆದ್ರೂ ಅಷ್ಟೇ ಜೋರು. ಒಂದು ವರ್ಷ ಅದು ತಪ್ಪು ಅಂತಾನೇ ನನಗೆ ಅನ್ನಿಸ್ಲಿಲ್ಲ. ಗಂಡಸ್ರು ಮನೇಲಿ ಹೀಗೇ ಇರ್ತಾರೆ ಅಂದ್ಕೊಂಡಿದ್ದೆ. ನಿಮ್ಮ ಹಾಗೇ.”

ಬೈಗುಳದ ಹಾಗೆ ಹೇಳಲಿಲ್ಲ. ಹೇಳುತ್ತಲೇ ಐದರ ಕಟ್ಟಿಗೆ ಬೆಲೆ ಬರೆದಳು.

ನನಗೆ ಸಿಟ್ಟು ಬಂತು. ಯಾರ ಮೇಲೆ ಎಂದು ಗೊತ್ತಾಗಲಿಲ್ಲ. ಐವತ್ತೆಂಟು ವರ್ಷದಲ್ಲಿ ಸಿಟ್ಟು ಬಂದು ಅದನ್ನು ಇಡಲು ಜಾಗ ಸಿಗದೆ ಕೂತದ್ದು ಇದೇ ಮೊದಲು. ದನಿ ಗಂಟಲಲ್ಲೇ ಇತ್ತು, ತೆಗೆದರೆ ಬರುತ್ತಿತ್ತು. ತೆಗೆಯಲಿಲ್ಲ. ತೆಗೆದರೆ ಅವಳು ಮತ್ತೆ ಕೋಣೆ ಸೇರಿಕೊಂಡರೆ? ಊಟದ ಹೊತ್ತಿನಲ್ಲಿ ಇವಳು ಡಾಕ್ಟರು ಏನೆಂದರು ಎಂದು ಕೇಳಿದಾಗ ಅನ್ನ ಬಾಯಲ್ಲಿತ್ತು. ತಲೆ ಅಲ್ಲಾಡಿಸಿದೆ. ಯಾವ ಕಡೆಗೆ ಅಲ್ಲಾಡಿಸಿದೆನೋ, ಅವಳೇ ಅರ್ಥ ಮಾಡಿಕೊಳ್ಳಲಿ.

ಮಾರ್ಚ್ 25, ಬುಧವಾರ

ಐದೂವರೆಗೆ ಎದ್ದು ಸ್ನಾನ ಮಾಡಿದೆ. ಇಸ್ತ್ರಿ ಅಂಗಿ ಹಾಕಿದೆ. ಬಚ್ಚಲಿನಲ್ಲಿ ನಲ್ಲಿ ಪೂರ್ತಿ ತಿರುಗಿಸಿ, ನೀರಿನ ಸದ್ದಿನಲ್ಲಿ ‘ಒಂದನೇ ಸಲ’ ಎಂದು ನೋಡಿದೆ. ಚೆನ್ನಾಗಿತ್ತು. ಆರೂಕಾಲಿಗೆ ಚಪ್ಪಲಿ ಮೆಟ್ಟಿದ್ದೆ.

ಮಗಳಿಗೆ ಇವತ್ತು ರಜೆ. ಅಡುಗೆಮನೆಯಿಂದ ಎರಡು ಲೋಟ ಟೀ ಹಿಡಿದುಕೊಂಡು ಬಂದಳು. “ಇಷ್ಟು ಬೇಗ ಎಲ್ಲಿಗೆ? ಐದು ನಿಮಿಷ ಕೂತ್ಕೊಳ್ಳಿ ಅಪ್ಪ. ನಿನ್ನೆ ಪೂರ್ತಿ ಹೇಳಿಲ್ಲ” ಎಂದಳು. ಐದು ನಿಮಿಷಕ್ಕೆ ಏನಾಗುತ್ತದೆ ಎಂದು ಕೂತೆ.

“ಅವ್ರು ಕೂಗೋಕೆ ಶುರು ಮಾಡಿದ್ರೆ ನಾನು ಬಟ್ಟೆ ಮಡಚ್ತಿದ್ದೆ. ಮಡಚಿದ್ದನ್ನೇ ಬಿಚ್ಚಿ ಮತ್ತೆ ಮಡಚ್ತಿದ್ದೆ, ಅವ್ರು ಸುಮ್ಮನಾಗೋವರೆಗೆ. ಎಲ್ಲಿ ಕಲಿತೆ ಇದನ್ನ ಅಂತ ಒಂದು ದಿನ ಯೋಚನೆ ಬಂತು. ಅಮ್ಮನ ಹತ್ರ, ಅಪ್ಪ. ಅಮ್ಮ ಹೀಗೇ ಮಡಚ್ತಿದ್ರು. ನಾನು ಪಕ್ಕದಲ್ಲಿ ಕೂತು ಕಾಲುಚೀಲ ಜೋಡಿಸ್ತಿದ್ದೆ. ಆವತ್ತೇ ಸೂಟ್‌ಕೇಸ್ ತೆಗೆದೆ.”

ಗೋಡೆಯ ಗಡಿಯಾರ ಆರೂವರೆ ಆಯಿತು. ಮಾರುಕಟ್ಟೆಗೆ ಆಟೋದಲ್ಲಿ ಇಪ್ಪತ್ತು ನಿಮಿಷ. ಅವಳು ಟೀ ಲೋಟವನ್ನು ಮೇಜಿನ ಮೇಲೆ ಸದ್ದಾಗದ ಹಾಗೆ ಇಟ್ಟು, ಮುಂದಕ್ಕೆ ಹೇಳಿದಳು. ಆರೂಮುಕ್ಕಾಲಿಗೆ ಜೇಬಿನಲ್ಲಿ ಫೋನು ನಡುಗಿತು. ಯಜಮಾನರು. ಮತ್ತೆ ನಡುಗಿತು. ತೆಗೆದು ಬೋರಲು ಹಾಕಿದೆ. ಹಾಳಾದವರು, ಒಬ್ಬರು ಮಾತಾಡುವಾಗ ಹೀಗಾ ಕಾಡುವುದು? ಏಳು ಹೊಡೆಯಿತು. ಈ ಹೊತ್ತಿಗೆ ಶೀಟಿ ಕಟ್ಟೆ ಹತ್ತಿರುತ್ತಾನೆ. ಕಳ್ಳ. ಆ ಕುಕ್ಕರ್ ದನಿಯಲ್ಲಿ ಮೊದಲ ರಾಶಿ ಕೂಗಿರುತ್ತಾನೆ, ಎಲ್ಲರೂ ಕಿವಿ ಮುಚ್ಚಿಕೊಂಡಿರುತ್ತಾರೆ. ಕಾಲು ಎರಡು ಸಲ ಏಳಲು ನೋಡಿತು.

ಅವಳು ಮಾತು ನಿಲ್ಲಿಸಿ ನನ್ನ ಮುಖ ನೋಡಿದಳು. “ಬೇಜಾರಾಯ್ತಾ ಅಪ್ಪ? ನಿಮಗೆ ಮಾತು ಯಾವಾಗ ಬರತ್ತಂತೆ?”

ಚೀಟಿ ತೆಗೆದುಕೊಂಡೆ. ‘ಇನ್ನೂ ಗೊತ್ತಿಲ್ಲವಂತೆ. ನೀನು ಹೇಳು’ ಎಂದು ಬರೆದೆ.